ಹೂತುಹೋದ ಟಾರು

ಮಾತಾಡುತ್ತಿರುವವರು ಇಬ್ಬರು. ಒಬ್ಬರು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ರಸ್ತೆ ಕೆಲಸಗಳಲ್ಲೇ ಸರ್ವೀಸು ಮುಗಿಸಿ ನಿವೃತ್ತರಾದ ಇಂಜಿನಿಯರ್. ಇನ್ನೊಬ್ಬಳು ಅವರ ತಮ್ಮನ ಮಗಳು. ಅಮೆರಿಕದ ಟೆಕ್ಸಸ್‌ನಲ್ಲಿ ಸಂಸಾರ, ಅಲ್ಲೇ ರಸ್ತೆ ಗುತ್ತಿಗೆ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ.

ಮಗಳು: ದೊಡ್ಡಪ್ಪ, ನಮ್ಮ ಕಡೆ ಮನೆಗಳ ಹಳೇ ಸೂರು ಕಿತ್ತು, ಪುಡಿಮಾಡಿ, ರಸ್ತೆಗೆ ಹಾಕ್ತಾರೆ ಗೊತ್ತಾ?

ದೊಡ್ಡಪ್ಪ: ಯಾವ ಸೂರಮ್ಮ? ಹೆಂಚಾ, ಶೀಟಾ?

ಮಗಳು: ಎರಡೂ ಅಲ್ಲ. ಶಿಂಗಲ್ಸ್ ಅಂತಾರೆ. ಗಾಜಿನ ನಾರಿನ ತೆಳು ಹಾಸಿಗೆ ಟಾರು ಬಳಿದು, ಮೇಲೆ ಸಣ್ಣ ಕಲ್ಲಿನ ಹರಳು ಒತ್ತಿರ್ತಾರೆ. ಇಳಿಜಾರು ಸೂರಿನ ಹಲಗೆ ಮೇಲೆ ಒಂದರ ಅಂಚಿನ ಮೇಲೊಂದು ಏರಿಸಿ ಮೊಳೆ ಹೊಡೆಯೋದು. ಅಮೆರಿಕದ ಹೆಚ್ಚಿನ ಮನೆಗಳಿಗೆ ಇದೇ. ಬಿಸಿಲಿಗೆ ಒಣಗಿ ಸೆಟೆದುಕೊಂಡ ಮೇಲೆ ಕಿತ್ತು ಹೊಸದು ಹಾಕಿಸಬೇಕು. ಟೆಕ್ಸಸ್‌ನಲ್ಲಿ ದೊಡ್ಡ ಆಲಿಕಲ್ಲು ಮಳೆ ಬಿದ್ರೆ ಬೀದಿಗೆ ಬೀದಿಯೇ ಸೂರು ಬದಲಾಯಿಸುತ್ತೆ. ದೇಶದಲ್ಲಿ ವರ್ಷಕ್ಕೆ ಸುಮಾರು 1 ಕೋಟಿ 10 ಲಕ್ಷ ಟನ್ ಹೀಗೆ ಕಸವಾಗಿ ಬರುತ್ತೆ ಅಂತ ಲೆಕ್ಕ.

ದೊಡ್ಡಪ್ಪ: ಅದರಲ್ಲಿ ಟಾರು ಎಷ್ಟಿರುತ್ತೆ?

ಮಗಳು: ತೂಕದಲ್ಲಿ ಐದರಲ್ಲೊಂದು ಪಾಲಿನಿಂದ ಮೂರರಲ್ಲೊಂದು ಪಾಲಿನವರೆಗೆ. ಮಿಕ್ಕಿದ್ದು ಕಲ್ಲಿನ ಹರಳು, ಸುಣ್ಣಕಲ್ಲಿನ ಪುಡಿ, ನಾರು. ಟಾರ್ ರಸ್ತೆಗೆ ಬೇಕಾದ್ದೂ ಇವೇ ತಾನೇ. ಮೊಳೆ, ಕಟ್ಟಿಗೆ ಚೂರು ಆರಿಸಿ ತೆಗೆದು, ಸಣ್ಣಗೆ ಅರೆದು, ಹಾಟ್ ಮಿಕ್ಸ್ ಪ್ಲಾಂಟಿಗೆ ಹಾಕ್ತಾರೆ. ಒಟ್ಟು ಮಿಶ್ರಣದಲ್ಲಿ ಸಾಮಾನ್ಯವಾಗಿ ಶೇ. 5ರ ಒಳಗೆ.

ದೊಡ್ಡಪ್ಪ: ತಡಿ, ನಮ್ಮ ರಸ್ತೆಗೆ ಲೆಕ್ಕ ಹಾಕೋಣ. ಒಂದು ಕಿಲೋಮೀಟರ್, 3.75 ಮೀಟರ್ ಅಗಲ, 30 ಮಿಲಿಮೀಟರ್ ದಪ್ಪ. ಹತ್ತಿರ ಹತ್ತಿರ 265 ಟನ್ ಮಾಲು ಬೇಕು. ಅದರಲ್ಲಿ ಟಾರು 14 ಟನ್. ನೀನು ಹೇಳೋ ಶೇ. 5 ಅಂದ್ರೆ 13 ಟನ್ ಸೂರು. ಅದರಿಂದ ಮೂರು ಟನ್ನಿನಷ್ಟು ಹಳೇ ಟಾರು ಸಿಗಬೇಕು.

ಮಗಳು: ಒಂದು ಮನೆ ಸೂರು ಎರಡು ಮೂರು ಟನ್ ತೂಗುತ್ತೆ. ಐದಾರು ಮನೆ ಸೂರಿಗೆ ಒಂದು ಕಿಲೋಮೀಟರ್ ರಸ್ತೆ.

ದೊಡ್ಡಪ್ಪ: ಲೆಕ್ಕ ಚೆನ್ನಾಗಿದೆ. ಆದ್ರೆ ಆ ಮೂರು ಟನ್ನೂ ಕರಗಿ ಹೊಸ ಟಾರಿನ ಜೊತೆ ಸೇರುತ್ತಾ?

ಮಗಳು: ಎಲ್ಲರೂ ಎಡವಿದ್ದು ಅಲ್ಲೇ ದೊಡ್ಡಪ್ಪ. ಸೂರಿಗೆ ಬಳಸೋ ಟಾರು ರಸ್ತೆಯದಲ್ಲ. ಕಾರ್ಖಾನೆಯಲ್ಲೇ ಅದನ್ನ ಕಾಯಿಸಿ, ಗಾಳಿ ಊದಿ ಗಟ್ಟಿ ಮಾಡಿರ್ತಾರೆ, ಬೇಸಗೆಯಲ್ಲಿ ಸೂರಿನಿಂದ ಇಳಿದು ಹರಿಯಬಾರದು ಅಂತ. 90 ಡಿಗ್ರಿ ಸುಮಾರಿಗೆ ಹೋದ್ರೂ ಸುಲಭಕ್ಕೆ ಮೆತ್ತಗಾಗಲ್ಲ. ಮೇಲಿಂದ ಎಷ್ಟೋ ವರ್ಷದ ಬಿಸಿಲು ಕುಡಿದು ಇನ್ನೂ ಗಟ್ಟಿಯಾಗಿರುತ್ತೆ. ಪ್ಲಾಂಟಿನಲ್ಲಿ ಅದರ ಒಂದು ಪಾಲು ಮಾತ್ರ ಕರಗಿ ಸೇರುತ್ತೆ, ಮಿಕ್ಕಿದ್ದು ಕರೀ ಕಲ್ಲಿನ ಚೂರಿನ ಹಾಗೇ ಉಳಿದುಬಿಡುತ್ತೆ. ಗುತ್ತಿಗೆದಾರ ಮೂರು ಟನ್ ಸಿಕ್ತು ಅಂತ ಹೊಸ ಟಾರಿನಲ್ಲಿ ಮೂರು ಟನ್ ಕಡಿತ ಮಾಡಿದ ಅನ್ನಿ, ಆ ರಸ್ತೆ ಬಡವಾಯಿತು. ಮೊದಲ ವರ್ಷ ಗಟ್ಟಿಯಾಗೇ ಕಾಣುತ್ತೆ. ಆಮೇಲೆ ಬಿರುಕು ಶುರು.

ದೊಡ್ಡಪ್ಪ: ಜಲ್ಲಿ ಎದ್ದು ಬರುತ್ತೆ.

ಮಗಳು: ಹೌದು. ಅದಕ್ಕೇ 2014ರಲ್ಲಿ ಅಲ್ಲಿ ಸುಮಾರು 20 ಲಕ್ಷ ಟನ್ ಶಿಂಗಲ್ಸ್ ರಸ್ತೆಗೆ ಹೋಗಿತ್ತು, 2019ರ ಹೊತ್ತಿಗೆ ಅದರ ಅರ್ಧಕ್ಕಿಂತ ಕೆಳಗಿಳೀತು. ಕಚ್ಚಾ ತೈಲದ ಬೆಲೆ ಇಳಿದದ್ದೂ ಒಂದು ಕಾರಣ. ಬಿರುಕಿನ ಭಯಕ್ಕೆ ಕೆಲವು ರಾಜ್ಯಗಳು ಕೈ ಬಿಗಿ ಮಾಡಿದ್ದು ಇನ್ನೊಂದು. ಈಗ ಹಾಕೋರು ಮೆತ್ತನೆ ದರ್ಜೆಯ ಹೊಸ ಟಾರು ಸೇರಿಸ್ತಾರೆ, ಇಲ್ಲಾ ಹಳೇದಕ್ಕೆ ಜೀವ ತುಂಬೋ ಎಣ್ಣೆ ಬಳಸ್ತಾರೆ. ನನ್ನ ಕೆಲಸ ಮುಖ್ಯವಾಗಿ ಅದೇ: ಹಳೇದರಲ್ಲಿ ನಿಜಕ್ಕೂ ಕೆಲಸಕ್ಕೆ ಬರೋದು ಎಷ್ಟು ಅಂತ ಅಳೆಯೋದು. ಇದನ್ನ ನಮ್ಮೂರಿಗೆ ತರೋಕಾಗಲ್ವಾ ಅಂತ ನನಗೆ ಬಹಳ ದಿನದಿಂದ ಆಸೆ.

ದೊಡ್ಡಪ್ಪ: ನಮ್ಮೂರಿಗೆ ತರಬೇಕು ಅಂದ್ರೆ ಮೊದಲು ನಮ್ಮೂರಿನ ಸೂರು ನೋಡಬೇಕು. ಪಾವಗಡದ ಕಡೆ ಹಳೇ ಮನೆಗಳು ಮಣ್ಣಿನ ಮಾಳಿಗೆ. ತೊಲೆ, ಜಂತೆ, ಮೇಲೆ ಕಡ್ಡಿ, ಅದರ ಮೇಲೆ ಚೌಳು ಮಣ್ಣು. ಮಳೆ ಕಡಿಮೆ ಇರೋ ಸೀಮೆಗೆ ಹೇಳಿ ಮಾಡಿಸಿದ್ದು. ಮನೆ ಬಿದ್ರೆ ಮರ ಇನ್ನೊಂದು ಮನೆಗೆ, ಹಾಳುಮಣ್ಣು ಗಾಡೀಲಿ ಹೊಲಕ್ಕೆ. ಮಧುಗಿರಿ, ಕೊರಟಗೆರೆ ಕಡೆ ಬಂಡೆಗೇನು ಬರವಿಲ್ಲ, ಕಲ್ಲು ಚಪ್ಪಡಿ ಹಾಸಿದ ಮನೆಗಳಿವೆ. ಚಪ್ಪಡಿ ಯಾವತ್ತೂ ಕಸ ಆಗಲ್ಲ. ಮನೆ ಮೇಲಿಂದ ಇಳಿದ್ರೆ ಚರಂಡಿ ಮೇಲೆ ಮುಚ್ಚಳ ಆಗುತ್ತೆ, ಜಗಲಿ ಆಗುತ್ತೆ, ಬಟ್ಟೆ ಒಗೆಯೋ ಕಲ್ಲಾಗುತ್ತೆ. ಆಮೇಲೆ ಮಂಗಳೂರು ಹೆಂಚು ಬಂತು.

ಮಗಳು: ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಶುರುಮಾಡಿದ್ದಲ್ವಾ?

ದೊಡ್ಡಪ್ಪ: ಅದೇ. ನೇತ್ರಾವತಿ ದಂಡೆ ಜೇಡಿಮಣ್ಣು. ಒಡೆದ ಹೆಂಚನ್ನೂ ನಮ್ಮವರು ಬಿಟ್ಟವರಲ್ಲ. ಕುಟ್ಟಿ ಸುಣ್ಣದ ಜೊತೆ ಕಲಸಿ ಗಾರೆ ಮಾಡ್ತಿದ್ರು. ರಸ್ತೆಗೆ ಹಾಕಬಹುದಾ ಅಂದ್ರೆ, ಮೇಲಿನ ಟಾರ್ ಪದರಕ್ಕೆ ಖಂಡಿತ ಬೇಡ. ಹೆಂಚು ನೀರು ಕುಡಿಯುತ್ತೆ. ಆ ಪದರದ ಜಲ್ಲಿ ತನ್ನ ತೂಕದ ಶೇ. 2ಕ್ಕಿಂತ ಹೆಚ್ಚು ನೀರು ಹೀರಬಾರದು ಅಂತ ನಿಯಮ. ಹಳ್ಳಿ ರಸ್ತೆಯ ತಳಕ್ಕೋ, ಮನೆ ಅಂಗಳದ ಭರ್ತಿಗೋ ಸರಿ.

ಮಗಳು: ಇವುಗಳಲ್ಲಿ ಯಾವುದರಲ್ಲೂ ಟಾರಿಲ್ಲ.

ದೊಡ್ಡಪ್ಪ: ಇಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟ್ ತಾರಸಿ ಮೇಲೆ ಸೋರದಿರಲಿ ಅಂತ ಟಾರ್ ಶೀಟ್ ಅಂಟಿಸ್ತಾರೆ. ಹಳೇ ಗೋಡೌನುಗಳಿಗೆ ಟಾರ್ ಫೆಲ್ಟ್ ಹಾಕಿದ್ದೂ ಉಂಟು, ಅದಕ್ಕೆ ಐಎಸ್ 1322 ಅಂತ ಮಾನಕವೇ ಇದೆ. ಆದ್ರೆ ನಾಲ್ಕು ತಾಲ್ಲೂಕಿಂದ ಕೂಡಿಸಿದ್ರೂ ಒಂದು ಪ್ಲಾಂಟಿಗೆ ಸಾಲುವಷ್ಟು ಆಗಲ್ಲ. ನಮ್ಮ ಬಡವರ ಮನೆ ಮೇಲೆ ಇವತ್ತು ಅತಿ ಹೆಚ್ಚು ಇರೋದು ಸಿಮೆಂಟ್ ಶೀಟು. ಇದರ ಬಗ್ಗೆ ನಿನಗೆ ಕಟ್ಟುನಿಟ್ಟಾಗಿ ಹೇಳಬೇಕು. ನೀನು ನಾಳೆ ಊರಲ್ಲಿ ಯಾರ ಹತ್ರನಾದ್ರೂ ‘ಹಳೇ ಸೂರು ಪುಡಿಮಾಡಿ ರಸ್ತೆಗೆ ಹಾಕಬಹುದು’ ಅಂದೆ ಅಂತಿಟ್ಕೋ. ಅವರು ಮೊದಲು ಒಡೆಯೋದು ಆ ಶೀಟನ್ನೇ.

ಮಗಳು: ಅದರಲ್ಲಿ ಆಸ್ಬೆಸ್ಟಾಸ್ ಇರುತ್ತೆ.

ದೊಡ್ಡಪ್ಪ: ಇರುತ್ತೆ. ಮನೆ ಮೇಲೆ ಸುಮ್ಮನೆ ಕೂತಿರೋವರೆಗೆ ನಾರು ಸಿಮೆಂಟಿನೊಳಗೆ ಹಿಡಿದಿರುತ್ತೆ. ಕುಟ್ಟಿದ್ರೆ, ಗರಗಸ ಹಾಕಿದ್ರೆ, ಕ್ರಷರಿಗೆ ಕೊಟ್ರೆ ಕಣ್ಣಿಗೆ ಕಾಣದ ನಾರು ಗಾಳಿಗೆ ಏಳುತ್ತೆ. ಉಸಿರಲ್ಲಿ ಒಳಗೆ ಹೋಯ್ತು ಅಂದ್ರೆ ಇಪ್ಪತ್ತು ಮೂವತ್ತು ವರ್ಷ ಆದ ಮೇಲೆ ಶ್ವಾಸಕೋಶ ಕಲ್ಲಾಗುತ್ತೆ, ಕ್ಯಾನ್ಸರ್ ಬರುತ್ತೆ. ಆಸ್ಬೆಸ್ಟಾಸ್ ಕಾರ್ಮಿಕರ ಆರೋಗ್ಯ ಅವರ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಹಾಗಿದ್ರೂ ಶೀಟು ಒಡೆದು ಮನೆ ಮುಂದಿನ ಗುಂಡಿಗೆ ತುಂಬೋದು ನಮ್ಮ ಕಡೆ ನಿಂತಿಲ್ಲ. ಅದರ ಮೇಲೆ ಗಾಡಿ ಓಡಿ ಓಡಿ ಪುಡಿಯಾಗುತ್ತೆ, ಮಕ್ಕಳು ಅಲ್ಲೇ ಆಡ್ತಾವೆ. ಇದನ್ನ ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ ಕಣಮ್ಮ.

ಮಗಳು: ಅಮೆರಿಕದಲ್ಲೂ ಹಳೇ ಕಾಲದ ಕೆಲವು ಶಿಂಗಲ್ಸ್‌ನಲ್ಲಿ ಆಸ್ಬೆಸ್ಟಾಸ್ ಇತ್ತು. ಅದಕ್ಕೇ ಅರೆಯೋ ಮುಂಚೆ ಮಾದರಿ ತೆಗೆದು ಪರೀಕ್ಷೆ ಮಾಡಬೇಕು ಅನ್ನೋ ಕಟ್ಟಳೆ ಬಂತು. ಹಾಗಾದ್ರೆ ಸೂರಿನ ಮಾತು ಇಲ್ಲಿಗೆ ಬಿಟ್ಟೆ. ರಸ್ತೆಗೆ ಪ್ಲಾಸ್ಟಿಕ್ ಕಸ ಹಾಕೋದರ ಬಗ್ಗೆ ಏನು ಹೇಳ್ತೀರಿ? ಈ ದಾರಿಯಲ್ಲಿ ನಮ್ಮ ರಾಜ್ಯ ಎಲ್ಲರಿಗಿಂತ ಮುಂದಿತ್ತು ಅಂತ ನಾನು ಅಲ್ಲಿಯವರಿಗೆ ಹೆಮ್ಮೆಯಿಂದ ಹೇಳ್ತಿರ್ತೀನಿ.

ದೊಡ್ಡಪ್ಪ: ಹೇಳು, ಹೆಮ್ಮೆ ಪಡೋ ವಿಷಯವೇ. ಬೆಂಗಳೂರಿನ ಕೆ.ಕೆ. ಪ್ಲಾಸ್ಟಿಕ್ ಸಂಸ್ಥೆಯ ಅಹ್ಮದ್ ಖಾನ್, ರಸೂಲ್ ಖಾನ್ ಸೋದರರು ಪ್ಲಾಸ್ಟಿಕ್ ಚೀಲ ತಯಾರಿಸುತ್ತಿದ್ದವರು. ಅದೇ ಚೀಲ ಊರು ತುಂಬೋದು ನೋಡಿ, ಅದನ್ನ ಟಾರಿಗೆ ಸೇರಿಸೋ ದಾರಿ ಹುಡುಕಿದ್ರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಜಸ್ಟೊ, ಪ್ರೊಫೆಸರ್ ವೀರರಾಘವನ್ ಅದನ್ನ ಲ್ಯಾಬಿನಲ್ಲಿ ಪರೀಕ್ಷೆ ಮಾಡಿದ್ರು. ಖನ್ನಾ-ಜಸ್ಟೊ ಪುಸ್ತಕ ಓದದೆ ಹೈವೇ ಇಂಜಿನಿಯರಿಂಗ್ ಪಾಸು ಮಾಡಿದವರು ನಮ್ಮ ಕಾಲದಲ್ಲಿ ಯಾರಿದ್ರು? ಆ ಜಸ್ಟೊ ಅವರೇ. ಟಾರಿನ ತೂಕದ ಶೇ. 8ರಷ್ಟು ಪ್ಲಾಸ್ಟಿಕ್ ಸೇರಿಸಿದಾಗ ಮಿಶ್ರಣದ ಬಲ ಎರಡು ಮೂರು ಪಟ್ಟು ಏರೋದು ಕಂಡುಬಂತು. 2002ರ ಹೊತ್ತಿಗೆ ಬೆಂಗಳೂರಿನ ಬೀದಿಗಳಿಗೆ ಅದು ಬಂತು. ಅದೇ ಹೊತ್ತಲ್ಲಿ ಮದುರೆಯ ತ್ಯಾಗರಾಜರ್ ಇಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರದ ಪ್ರೊಫೆಸರ್ ಆರ್. ವಾಸುದೇವನ್ ಕಾದ ಜಲ್ಲಿಗೇ ನೇರವಾಗಿ ಪ್ಲಾಸ್ಟಿಕ್ ಚೂರು ಹಾಕೋ ವಿಧಾನ ಮಾಡಿದ್ರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಮಗಳು: ನಿಮಗೆ ಯಾವುದು ಒಪ್ಪಿಗೆ?

ದೊಡ್ಡಪ್ಪ: ಜಲ್ಲಿಗೆ ಹಾಕೋದು. ಸಣ್ಣ ಪ್ಲಾಂಟಿನಲ್ಲೂ ಮಾಡಬಹುದು. ಜಲ್ಲಿ 160-170 ಡಿಗ್ರಿ ಕಾದಿರುತ್ತೆ, ಚೂರು ಬಿದ್ದ ತಕ್ಷಣ ಕರಗಿ ಕಲ್ಲಿನ ಮೈಗೆ ತೆಳ್ಳಗೆ ಹತ್ತಿಕೊಳ್ಳುತ್ತೆ. ಅದರ ಮೇಲೆ ಟಾರು. ಕಲ್ಲಿಗೂ ಟಾರಿಗೂ ನಡುವೆ ನೀರು ನುಗ್ಗೋದು ಕಷ್ಟವಾಗುತ್ತೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2013ರಲ್ಲಿ ಎಸ್‌ಪಿ 98 ಅಂತ ಮಾರ್ಗಸೂಚಿ ತಂತು. ಇಲ್ಲೊಂದು ಎಚ್ಚರಿಕೆ: ಪಿವಿಸಿ ಚೂರು ಸೇರಲೇಬಾರದು. ಅದರಲ್ಲಿ ಕ್ಲೋರಿನ್ ಇರೋದ್ರಿಂದ ಕಾದಾಗ ವಿಷದ ಹೊಗೆ ಏಳುತ್ತೆ, ಅದನ್ನ ಕುಡಿಯೋರು ಪ್ಲಾಂಟಿನ ಮುಂದೆ ನಿಂತ ಆಳುಗಳು.

ಮಗಳು: ಅಮೆರಿಕದಲ್ಲಿ ಇನ್ನೊಂದು ಪ್ರಶ್ನೆ ಕೇಳ್ತಾರೆ. ರಸ್ತೆ ಸವೆದಾಗ ಆ ಪ್ಲಾಸ್ಟಿಕ್ ಪುಡಿಯಾಗಿ ಕೆರೆಗೆ ಹೋಗಲ್ವಾ ಅಂತ.

ದೊಡ್ಡಪ್ಪ: ಕೇಳಬೇಕಾದ ಪ್ರಶ್ನೆಯೇ. ಮೇಲ್ಪದರದ ಬದಲು ಕೆಳಗಿನ ಪದರಕ್ಕೆ ಹಾಕಿದ್ರೆ ಚಕ್ರ ನೇರವಾಗಿ ಉಜ್ಜಲ್ಲ, ನನ್ನ ಮನಸ್ಸು ಅದರ ಕಡೆಗಿದೆ. ಪ್ರಮಾಣವನ್ನೂ ನೋಡು. ಆಗ ಹಾಕಿದ ಲೆಕ್ಕದಲ್ಲಿ 14 ಟನ್ ಟಾರಿಗೆ ಶೇ. 8 ಅಂದ್ರೆ ಒಂದು ಟನ್ ಚಿಲ್ಲರೆ ಪ್ಲಾಸ್ಟಿಕ್. ಮಧುಗಿರಿ ಪುರಸಭೆ ಕಸದಲ್ಲಿ ಅಷ್ಟು ಸಿಗದೇ ಇರುತ್ತಾ? ಹಸಿ ಕಸ, ಒಣ ಕಸ ಮನೆಯಲ್ಲೇ ಬೇರೆ ಮಾಡಿದ್ರೆ ಸಿಗುತ್ತೆ. ಆದ್ರೆ 2015ರ ನವೆಂಬರಲ್ಲಿ ಕೇಂದ್ರದ ಹೆದ್ದಾರಿ ಸಚಿವಾಲಯ ಪ್ಲಾಸ್ಟಿಕ್ ಬಳಕೆ ಕಡ್ಡಾಯ ಮಾಡಿದ್ದು ಐದು ಲಕ್ಷಕ್ಕಿಂತ ಹೆಚ್ಚು ಜನ ಇರೋ ನಗರಗಳ ಸುತ್ತ 50 ಕಿಲೋಮೀಟರ್ ಒಳಗೆ. ತುಮಕೂರಿನ ಜನಸಂಖ್ಯೆ 2011ರ ಗಣತಿಯಲ್ಲಿ ಮೂರು ಲಕ್ಷದ ಆಸುಪಾಸು. ಮಧುಗಿರಿ, ಶಿರಾ, ಪಾವಗಡ ಆ ಗೆರೆಯಾಚೆ ಉಳಿದುಬಿಟ್ವು. ಕಡ್ಡಾಯ ಇಲ್ಲದ ಕಡೆ ಯಾರೂ ಚೂರು ಮಾಡೋ ಮೆಷಿನ್ ಕೊಳ್ಳಲ್ಲ.

ಮಗಳು: ಹಾಗಾದ್ರೆ ನೀವು ಪ್ಲಾಸ್ಟಿಕ್ ಪರವಾಗಿದೀರಿ.

ದೊಡ್ಡಪ್ಪ: ವಿರೋಧ ಇಲ್ಲ. ಆದ್ರೆ ನೀನು ಶಿಂಗಲ್ಸ್ ವಿಷಯ ಹೇಳಿದಾಗಿಂದ ನನ್ನ ತಲೇಲಿ ಓಡ್ತಿರೋದು ಬೇರೆ. ಮಧುಗಿರಿ ಹಳೇ ಪೇಟೆ ಬೀದೀಲಿ ನಡೆದು ನೋಡು. ಮನೆ ಹೊಸ್ತಿಲು ರಸ್ತೆಗಿಂತ ಕೆಳಗಿದೆ. ನಾನು ಹುಡುಗನಾಗಿದ್ದಾಗ ಅದೇ ಮನೆಗಳಿಗೆ ಮೆಟ್ಟಿಲು ಹತ್ತಿ ಹೋಗ್ತಿದ್ವಿ. ಮನೆ ಕುಸಿದಿಲ್ಲ, ರಸ್ತೆ ಏರಿದೆ. ಪ್ರತಿ ಸಲ ಹಳೇ ಟಾರಿನ ಮೇಲೆ ಹೊಸ ಟಾರು. ಇನ್ನೊಂದು ಚುನಾವಣೆ, ಇನ್ನೊಂದು ಅನುದಾನ, ಇನ್ನೊಂದು ಪದರ. ಮಳೆ ಹುಯ್ದರೆ ಬೀದಿ ನೀರು ನಡುಮನೆಗೆ. ಆ ಬೀದಿಯೊಳಗೆ ಎಷ್ಟು ಟಾರು ಹೂತುಹೋಗಿದೆ ಅಂತ ಯಾರಾದ್ರೂ ಲೆಕ್ಕ ಹಾಕಿದಾರಾ?

ಮಗಳು: ಏಳು ಮೀಟರ್ ಅಗಲ, 40 ಮಿಲಿಮೀಟರ್ ದಪ್ಪದ ಒಂದೇ ಪದರ ಹಿಡೀರಿ. ಕಿಲೋಮೀಟರಿಗೆ 640 ಟನ್ ಮಾಲು. ಶೇ. 5 ಅಂದ್ರೆ 32 ಟನ್ ಟಾರು.

ದೊಡ್ಡಪ್ಪ: ಅದೂ ಒಂದೇ ಪದರದಲ್ಲಿ. ನಿಮ್ಮ ಸೂರಿನಿಂದ ಕಿಲೋಮೀಟರಿಗೆ ಸಿಗ್ತಿದ್ದುದು ಮೂರು ಟನ್. ಇಲ್ಲಿ 32. ಜೊತೆಗೆ 600 ಟನ್ ಒಳ್ಳೇ ಜಲ್ಲಿ, ಬೆಟ್ಟ ಸೀಳಿ ತಂದದ್ದು. ಕೊರಟಗೆರೆ ಕಡೆ ಹೋದ್ರೆ ಗೊತ್ತಾಗುತ್ತೆ, ಒಂದು ಬಂಡೆ ಹೋಯ್ತು ಅಂದ್ರೆ ಹೋಯ್ತು. ಟಾರು ಕಚ್ಚಾ ತೈಲದಿಂದ ಬರೋದು, ಆ ತೈಲದ ಬಹುಪಾಲು ದೇಶದ ಹೊರಗಿಂದ. ಇಷ್ಟು ದುಡ್ಡು ಕೊಟ್ಟು ತಂದದ್ದನ್ನ ನಾವು ರಸ್ತೆ ಕೆಳಗೆ ಮುಚ್ತೀವಿ. ಎಲ್ಲಾದ್ರೂ ಕಿತ್ರೂ ಜೆಸಿಬಿ ಹಾಕಿ ಹೆಂಟೆ ಹೆಂಟೆಯಾಗಿ ಎಬ್ಬಿಸಿ ಹಳ್ಳಕ್ಕೆ ಸುರೀತಾರೆ. ನಮಗೆ ಶಿಂಗಲ್ಸ್ ಇಲ್ಲ ಅಂತ ನೀನು ಕೊರಗಬೇಡ. ನಮ್ಮ ಹಳೇ ರಸ್ತೆಯೇ ನಮಗದು.

ಮಗಳು: ಮತ್ತೆ ಗಟ್ಟಿಯಾದ ಟಾರಿನ ತೊಂದರೆಯೂ ಇಲ್ಲಿ ಕಡಿಮೆ. ರಸ್ತೆ ಟಾರು ಬಿಸಿಲಿಗೆ ಗಟ್ಟಿಯಾದ್ರೂ ಸೂರಿನ ಟಾರಿನಷ್ಟು ಆಗಿರಲ್ಲ. ಅಮೆರಿಕದಲ್ಲಿ ಕೂಡ ಹಳೇ ರಸ್ತೆಯ ಮಾಲು ಶಿಂಗಲ್ಸ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಬಳಕೆಯಾಗುತ್ತೆ. ಅಲ್ಲಿ ರಸ್ತೆ ಕೆರೆಯೋ ಮಿಲ್ಲಿಂಗ್ ಮೆಷಿನ್ ಬೇಕಾದಷ್ಟೇ ದಪ್ಪ ಕೆರೆದು, ನೇರ ಲಾರಿಗೆ ಸುರಿಯುತ್ತೆ. ರಸ್ತೆ ಮಟ್ಟ ಏರೋ ಪ್ರಶ್ನೆಯೇ ಬರಲ್ಲ.

ದೊಡ್ಡಪ್ಪ: ನಮ್ಮಲ್ಲೂ ಇದಕ್ಕೆ ನಿಯಮ ಇಲ್ಲ ಅಂದುಕೊಳ್ಳಬೇಡ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನದೇ ಮಾರ್ಗಸೂಚಿ ಐಆರ್‌ಸಿ 120 ಅಂತ 2015ರಲ್ಲೇ ಬಂದಿದೆ, ಹಳೇ ಟಾರ್ ರಸ್ತೆ ಮರುಬಳಕೆಗೇ ಬರೆದದ್ದು. ದೊಡ್ಡ ಹೆದ್ದಾರಿ ಕೆಲಸಗಳಲ್ಲಿ ಬಳಸ್ತಾರೆ. ಪಟ್ಟಣದ ಬೀದಿಗೆ, ಹಳ್ಳಿ ರಸ್ತೆಗೆ ಅದು ಇಳಿದಿಲ್ಲ. ಕಾರಣ ಹೇಳ್ತೀನಿ ಕೇಳು. ಎಸ್ಟಿಮೇಟ್‌ನಲ್ಲಿ ಹೊಸ ಜಲ್ಲಿಗೆ ದರ ಇದೆ, ಹೊಸ ಟಾರಿಗೆ ದರ ಇದೆ. ಕೆರೆದು ತೆಗೆದ ಮಾಲು ಯಾರದು, ಅದಕ್ಕೆ ಬೆಲೆ ಎಷ್ಟು ಅನ್ನೋದು ಸಣ್ಣ ಕೆಲಸದ ಕಾಗದದಲ್ಲಿ ಇರೋದೇ ಇಲ್ಲ. ಬೆಲೆ ಇಲ್ಲದ್ದು ಹಳ್ಳಕ್ಕೆ ಹೋಗುತ್ತೆ. ಪುರಸಭೆ ಅದಕ್ಕೆ ಟನ್ನಿಗಿಷ್ಟು ಅಂತ ಕಟ್ಟಿ, ಗುತ್ತಿಗೆ ಮೊತ್ತದಲ್ಲಿ ಮುರಿದುಕೊಳ್ಳಲಿ. ಅವತ್ತಿಂದ ಒಂದು ಹೆಂಟೆಯೂ ಹಳ್ಳ ಸೇರಲ್ಲ.

ಮಗಳು: ಪ್ಲಾಂಟ್?

ದೊಡ್ಡಪ್ಪ: ಅದೇ ನಿಜವಾದ ಕಷ್ಟ. ನಮ್ಮ ಸುತ್ತಲಿನ ಸಣ್ಣ ಡ್ರಮ್ ಪ್ಲಾಂಟುಗಳಲ್ಲಿ ಹಳೇ ಮಾಲನ್ನ ಬೆಂಕಿ ನಾಲಿಗೆಗೆ ತಾಗದ ಹಾಗೆ ನಡುವಿನಿಂದ ಒಳಗೆ ಬಿಡೋ ವ್ಯವಸ್ಥೆ ಇಲ್ಲ. ನೇರ ಉರಿಗೆ ಸಿಕ್ರೆ ಹಳೇ ಟಾರು ಸುಟ್ಟು ಹೊಗೆಯಾಗುತ್ತೆ. ಆದ್ರೆ ಎಲ್ಲ ಕಡೆ ಕಾಯಿಸಲೇಬೇಕು ಅಂತ ಏನಿಲ್ಲ. ಕೆರೆದ ಮಾಲಿಗೆ ಟಾರಿನ ಎಮಲ್ಶನ್ ಸೇರಿಸಿ ತಣ್ಣಗೇ ಕಲಸಿ ಕೆಳಪದರ ಮಾಡಬಹುದು. ಮಿಡಿಗೇಶಿ ದಾಟಿ ಪಾವಗಡಕ್ಕೆ ಹೋಗ್ತಾ ಆಂಧ್ರದ ನೆಲ ಹಾಯಬೇಕು, ಅಷ್ಟು ದೂರ. ಅಲ್ಲಿಯ ಹಳ್ಳಿ ರಸ್ತೆಗಳಿಗೆ ಬಿಸಿ ಮಾಲು ಹೊತ್ತು ತರೋ ಹೊತ್ತಿಗೆ ಅರ್ಧ ಬಿಸಿ ಆರಿರುತ್ತೆ, ರೋಲರ್ ಎಷ್ಟು ಓಡಿದ್ರೂ ಕೂರಲ್ಲ. ತಣ್ಣಗಿನ ವಿಧಾನ ಹೆಚ್ಚು ಒಪ್ಪೋದೇ ಅಲ್ಲಿ.

ಮಗಳು: ಬಿಸಿಲಿನ ಲೆಕ್ಕವೂ ಇದೆ. ಇಲ್ಲಿ ಬಳಸೋ ವಿಜಿ-30 ದರ್ಜೆಯ ಟಾರು ಮೆತ್ತಗಾಗೋ ಕನಿಷ್ಠ ಮಟ್ಟ 47 ಡಿಗ್ರಿ. ಪಾವಗಡದಲ್ಲಿ ಏಪ್ರಿಲ್ ಮಧ್ಯಾಹ್ನ ರಸ್ತೆ ಮೈ 60 ಡಿಗ್ರಿ ಮುಟ್ಟುತ್ತೆ. ಅದೇ ಬಿಸಿಲು ನಂಬಿ ತಾನೇ ತಿರುಮಣಿ ಕಡೆ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಕಟ್ಟಿದ್ದು. ಅಂಥ ಕಡೆ ಸ್ವಲ್ಪ ಗಟ್ಟಿಯಾದ ಹಳೇ ಟಾರು ಬೆರೆತಿದ್ರೆ ಉಪಕಾರವೇ. ಚಕ್ರದ ಜಾಡು ಇಳಿಯಲ್ಲ.

ದೊಡ್ಡಪ್ಪ: ಶಿರಾಕ್ಕೂ ಆ ಮಾತು ಹೊಂದುತ್ತೆ. 48ನೇ ಹೆದ್ದಾರಿಯಲ್ಲಿ ಬೆಂಗಳೂರು–ಪುಣೆ ಲಾರಿಗಳು ರಾತ್ರಿ ಹಗಲು. ಆ ಭಾರ ಊರೊಳಗಿನ ರಸ್ತೆಗೂ ತಿರುಗುತ್ತೆ. ಆದ್ರೆ ಗಟ್ಟಿ ಅಂದ್ರೆ ಎಷ್ಟು ಗಟ್ಟಿ? ಅದನ್ನ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ನಿನ್ನ ಅಮೆರಿಕದ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇಷ್ಟೇ: ಅಳೆಯದೆ ‘ಸಿಕ್ತು’ ಅಂದುಕೊಂಡವರ ರಸ್ತೆ ಬಿರುಕು ಬಿಡ್ತು. ಕಸ ಮಾಯ ಮಾಡೋಕೆ ರಸ್ತೆ ಒಂದು ಜಾಗ ಅಂತ ನೋಡಿದ್ರೆ ನಾವೂ ಅಲ್ಲಿಗೇ ಬರ್ತೀವಿ. ಹೆಂಚೇ ಆಗ್ಲಿ, ಪ್ಲಾಸ್ಟಿಕ್ಕೇ ಆಗ್ಲಿ, ಹಳೇ ಟಾರೇ ಆಗ್ಲಿ, ರಸ್ತೆಯೊಳಗೆ ಅದಕ್ಕೆ ಒಂದು ಕೆಲಸ ಇರಬೇಕು. ಆ ಕೆಲಸ ಅದು ಮಾಡುತ್ತೆ ಅಂತ ಲ್ಯಾಬಿನಿಂದ ಕಾಗದ ಬರಬೇಕು.

ಮಗಳು: ಹಾಗಾದ್ರೆ ಕಾಗದದಿಂದಲೇ ಶುರು ಮಾಡೋಣ. ಹಳೇ ರಸ್ತೆಯ ತುಂಡು ತಂದು, ದ್ರಾವಕದಲ್ಲಿ ತಿರುಗಿಸಿ ಟಾರು ಬೇರೆ ಮಾಡಬೇಕು. ಎಷ್ಟಿದೆ ಅಂತ ತೂಗಬೇಕು. ಆ ಟಾರಿಗೆ ಸೂಜಿ ಇಳಿಸಿ ಗಟ್ಟಿತನ, ಕಾಯಿಸಿ ಮೆತ್ತಗಾಗೋ ಮಟ್ಟ ನೋಡಬೇಕು. ಉಳಿದ ಜಲ್ಲಿಯ ಗಾತ್ರ ಜರಡಿ ಹಿಡಿದು ತಿಳೀಬೇಕು. ಇದಕ್ಕೆ ದೊಡ್ಡ ಲ್ಯಾಬೇನು ಬೇಡ.

ದೊಡ್ಡಪ್ಪ: ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಕಾಲೇಜು 1963ರಿಂದ ಇದೆ, ಸಿವಿಲ್ ವಿಭಾಗ ಇದೆ. ಈ ನಾಲ್ಕು ತಾಲ್ಲೂಕಿನ ಮಕ್ಕಳೇ ಅಲ್ಲಿ ಓದ್ತಾರೆ. ಕೊನೇ ವರ್ಷದ ಪ್ರಾಜೆಕ್ಟಿಗೆ ತಮ್ಮೂರಿನ ರಸ್ತೆಗಿಂತ ಒಳ್ಳೇ ವಿಷಯ ಯಾವುದು ಸಿಗುತ್ತೆ ಅವರಿಗೆ? ನಾನೇ ಹೋಗಿ ಕೇಳ್ತೀನಿ. ಮಧುಗಿರಿ ಪೇಟೆ ಬೀದಿಯಿಂದ ಕೊರೆದು ತೆಗೆದ ಒಂದು ತುಂಡು, ಶಿರಾ ಊರೊಳಗಿನ ರಸ್ತೆಯಿಂದ ಒಂದು, ಪಾವಗಡದ ಹಳ್ಳಿ ರಸ್ತೆಯಿಂದ ಒಂದು. ಇಲಾಖೆ ಅನುಮತಿಗೆ ಅರ್ಜಿ ನಾನು ಬರೀತೀನಿ. ಪರೀಕ್ಷೆ ಫಲಿತಾಂಶ ತುಂಬೋ ನಮೂನೆ ನೀನು ಮಾಡಿಕೊಡು, ನಿಮ್ಮಲ್ಲಿ ಬಳಸೋದನ್ನೇ ಕನ್ನಡ ಮಾಡಿ.

ಮಗಳು: ಕೊರಟಗೆರೆ ಬಿಟ್ಟುಬಿಟ್ರಲ್ಲ ದೊಡ್ಡಪ್ಪ?

ದೊಡ್ಡಪ್ಪ: ಬಿಡಲ್ಲ. ಅಲ್ಲಿಯ ಕ್ರಷರಿಂದ ಹೊಸ ಜಲ್ಲಿ ಒಂದು ಮೂಟೆ ತರಬೇಕು. ಹಳೇ ಜಲ್ಲಿ ಪಕ್ಕ ಹೊಸದನ್ನೂ ಒಂದೇ ಬಡಿತದ ಪರೀಕ್ಷೆಗೆ ಕೊಟ್ಟು ನೋಡದಿದ್ರೆ, ಹಳೇದು ಚೆನ್ನಾಗಿದೆ ಅಂತ ನಾವು ಹೇಳಿದ್ದನ್ನ ಯಾವ ಇಂಜಿನಿಯರ್ ಒಪ್ತಾನೆ?